ಸೊನ್ನೆ ಕ್ರೆಡಿಟ್‌ನ ಬಾಕಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಫಲಿತಾಂಶದ ಪುಟದಲ್ಲಿ ಪ್ರತಿ ವಿಷಯದ ಎದುರು ಇಂಟರ್ನಲ್, ಎಕ್ಸ್‌ಟರ್ನಲ್, ಒಟ್ಟು ಅಂತ ಮೂರು ಅಂಕಿ ಇರುತ್ತವೆ. ಆಮೇಲೆ ಒಂದೇ ಒಂದು ಅಕ್ಷರ. ‘ಪಿ’ ಅಂದರೆ ಪಾಸು, ‘ಎಫ್’ ಅಂದರೆ ಫೇಲು, ‘ಎ’ ಅಂದರೆ ಪರೀಕ್ಷೆಗೆ ಹೋಗಿಲ್ಲ, ‘ಡಬ್ಲ್ಯು’ ಅಂದರೆ ಫಲಿತಾಂಶ ತಡೆಹಿಡಿದಿದ್ದಾರೆ. ಇಷ್ಟು ಮನೆಯವರಿಗೂ ಹೇಗೋ ತಿಳಿಯುತ್ತದೆ. ತಿಳಿಯದೆ ಉಳಿಯುವುದು ‘ಎಕ್ಸ್’. ಪರೀಕ್ಷೆ ಬರೆಯುವ ಅರ್ಹತೆಯೇ ಸಿಗಲಿಲ್ಲ ಅನ್ನುವುದಕ್ಕೆ ಆ ಗುರುತು.

‘ಎಫ್’ ಬಂದವನು ಮುಂದಿನ ಸಲ ಶುಲ್ಕ ಕಟ್ಟಿ ಮತ್ತೆ ಬರೆಯುತ್ತಾನೆ. ‘ಎಕ್ಸ್’ ಬಂದವನಿಗೆ ಆ ದಾರಿ ಇಲ್ಲ. ಆ ವಿಷಯಕ್ಕೆ ಮತ್ತೆ ಹೆಸರು ನೋಂದಾಯಿಸಬೇಕು, ಇಂಟರ್ನಲ್ಸ್ ಮೊದಲಿನಿಂದ ಗಳಿಸಬೇಕು. ಆದರೂ ಹಾಸ್ಟೆಲಿನ ಮಾತೆಲ್ಲ ‘ಎಫ್’ ಬಗ್ಗೆಯೇ. ಗಣಿತ ಕಷ್ಟ, ಪೇಪರ್ ಟಫ್, ವ್ಯಾಲ್ಯುಯೇಶನ್ ಬಿಗಿ. ನಾಲ್ಕು ವರ್ಷದ ಪದವಿ ಐದು, ಆರು ವರ್ಷಕ್ಕೆ ಎಳೆದ ಕಡೆ ನೋಡಿದರೆ, ಕಷ್ಟದ ವಿಷಯಕ್ಕಿಂತ ಯಾರೂ ಲೆಕ್ಕಕ್ಕೆ ಹಿಡಿಯದ ಸಣ್ಣ ವಿಷಯಗಳೇ ಎಷ್ಟೋ ಸಲ ಕಾಲು ಹಿಡಿದಿರುತ್ತವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮಕ್ಕಳಿಗೆ ಇದು ಇನ್ನಷ್ಟು ತಟ್ಟುತ್ತದೆ. ಬಿ.ಇ. ಅಂದರೆ ದಾವಣಗೆರೆ, ಇಲ್ಲವೇ ಶಿವಮೊಗ್ಗ, ಚಿತ್ರದುರ್ಗ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದ್ದು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ನಕ್ಷೆ ಬದಲಾದರೂ ಬಸ್ಸಿನ ರೂಢಿ ಹಳೆಯದೇ. ನ್ಯಾಮತಿಯ ಹುಡುಗಿಗೆ ಇವತ್ತಿಗೂ ಶಿವಮೊಗ್ಗವೇ ಹತ್ತಿರ. ವಿದ್ಯಾರ್ಥಿಯ ನೋಂದಣಿ ಸಂಖ್ಯೆ, ಅಂದರೆ ಯುಎಸ್‌ಎನ್ ನೋಡಿದರೇ ಯಾರು ಎಲ್ಲಿ ಸೇರಿದ್ದಾರೆಂದು ಗೊತ್ತಾಗುತ್ತದೆ: 4ಯುಬಿ ಅಂದರೆ 1951ರಲ್ಲಿ ಶುರುವಾಗಿ ಈಗ ವಿಟಿಯುವಿನ ಘಟಕ ಕಾಲೇಜಾಗಿರುವ ಯುಬಿಡಿಟಿ, 4ಬಿಡಿ ಅಂದರೆ 1979ರ ಬಾಪೂಜಿ, 4ಜೆಎನ್ ಅಂದರೆ ಶಿವಮೊಗ್ಗದ ಜೆಎನ್‌ಎನ್‌ಸಿಇ. ಸೀಟಿನ ವಿಚಾರದಲ್ಲಿ ಊರಿಂದ ಊರಿಗೆ ವ್ಯತ್ಯಾಸ ಉಂಟು. ಪಕ್ಕದ ಹರಪನಹಳ್ಳಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಅದಕ್ಕೆ ತಾಗಿಕೊಂಡೇ ಇರುವ ಜಗಳೂರಿಗೆ ಇಲ್ಲ. ವಿಟಿಯು ಒಳಗೆ ಸೇರಿದ ಮೇಲೆ ಒಂದೇ ಬ್ಯಾಚಿನ ಎಲ್ಲರಿಗೂ ಒಂದೇ ನಿಯಮ, ನಿಯಮದ ಒಂದೇ ಪುಸ್ತಕ. ಬೆಂಗಳೂರಿನ ಮನೆಯಲ್ಲಿ ಆ ಪುಸ್ತಕ ಓದಿ ಹೇಳಲು ಅಪ್ಪನೋ ಅಕ್ಕನೋ ಇರಬಹುದು. ಇಲ್ಲಿ ಎಷ್ಟೋ ಮನೆಗಳಿಗೆ ಇದೇ ಮೊದಲ ಪದವಿ. ಉಳಿಯುವುದು ಸೀನಿಯರ್ ಅಣ್ಣನ ಮಾತು.

ತೊಡಕು ಶುರುವಾಗುವುದೇ ಅಲ್ಲಿ. ಅಣ್ಣ ಓದಿದ್ದು 2018ರ ಸ್ಕೀಮ್ ಆಗಿದ್ದರೆ ಅವನಿಗೆ ಬೇಕಿದ್ದದ್ದು 175 ಕ್ರೆಡಿಟ್. 2021, 2022ರ ಸ್ಕೀಮ್‌ಗಳಲ್ಲಿ ಅದು 160ಕ್ಕೆ ಇಳಿದಿದೆ. ಹೆಸರು ಒಂದೇ ಇದ್ದರೂ ವಿಷಯಗಳ ತೂಕ ಬೇರೆ, ಪಾಸಾಗುವ ಲೆಕ್ಕ ಬೇರೆ. ದಾವಣಗೆರೆಯ ಜಿಎಂ ಕಾಲೇಜು ಈಗ ಸ್ವತಃ ವಿಶ್ವವಿದ್ಯಾಲಯ. ಅಲ್ಲಿನ ಕಟ್ಟಳೆ ಅಲ್ಲಿನದು. ಸ್ವಾಯತ್ತ ಕಾಲೇಜುಗಳದೂ ಹಾಗೆಯೇ. ಯಾವ ವರ್ಷ ಸೇರಿದೆವೋ ಆ ವರ್ಷದ ಸ್ಕೀಮ್, ಆ ವರ್ಷದ ರೆಗ್ಯುಲೇಶನ್ ಮಾತ್ರ ನಮ್ಮದು. ಇಲ್ಲಿ ಕೊಡುವ ಅಂಕಿಗಳು ವಿಟಿಯು 2022ರ ಸ್ಕೀಮ್‌ನವು.

ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಎಂಟು ಸೆಮಿಸ್ಟರಿಗೆ 160 ಅಂದರೆ ಸರಾಸರಿ ಇಪ್ಪತ್ತು. ಇಪ್ಪತ್ತು ಕ್ರೆಡಿಟ್‌ನ ಸೆಮಿಸ್ಟರಿನಲ್ಲಿ ನಾಲ್ಕು ಕ್ರೆಡಿಟ್‌ನ ಒಂದು ವಿಷಯದ ಗ್ರೇಡು ಒಂದು ಮೆಟ್ಟಿಲು ಏರಿದರೆ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) 0.2 ಏರುತ್ತದೆ; ಒಂದು ಕ್ರೆಡಿಟ್‌ನ ವಿಷಯದ್ದಾದರೆ 0.05. ಗ್ರೇಡಿನ ಮೆಟ್ಟಿಲುಗಳೂ ಸಮ ಇಲ್ಲ. 59ಕ್ಕೆ ಆರು ಪಾಯಿಂಟ್, 60ಕ್ಕೆ ಏಳು. ಆದರೆ 60ಕ್ಕೂ 69ಕ್ಕೂ ಅದೇ ಏಳು. ಹೀಗಾಗಿ 58, 59ರಲ್ಲಿ ನಿಂತ ನಾಲ್ಕು ಕ್ರೆಡಿಟ್‌ನ ವಿಷಯಕ್ಕೆ ಮರುಮೌಲ್ಯಮಾಪನದ ದುಡ್ಡು ಕಟ್ಟುವುದಕ್ಕೆ ಅರ್ಥವಿದೆ. 64ರಲ್ಲಿರುವ ಒಂದು ಕ್ರೆಡಿಟ್‌ನದಕ್ಕೆ ಕಟ್ಟಿದರೆ ದುಡ್ಡು ದಂಡ.

ಪಾಸಿನ ಲೆಕ್ಕದಲ್ಲಿ ಒಂದು ಸಣ್ಣ ಬಲೆ ಇದೆ. ಥಿಯರಿ ವಿಷಯದಲ್ಲಿ ಇಂಟರ್ನಲ್ 50, ಪರೀಕ್ಷೆ 50. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬೇಕು. ಪರೀಕ್ಷೆ 100ಕ್ಕೆ ಬರೆದು 50ಕ್ಕೆ ಇಳಿಸುತ್ತಾರೆ, ಅದರಲ್ಲಿ ಕನಿಷ್ಠ 18. ಎರಡೂ ಬಂದವು, ದಾಟಿದೆವು ಅಂದುಕೊಳ್ಳುತ್ತೇವೆ. ಆದರೆ 20ಕ್ಕೆ 18 ಕೂಡಿದರೆ 38. ಒಟ್ಟು 40 ಇಲ್ಲದೆ ಪಾಸಿಲ್ಲ. ಇಂಟರ್ನಲ್ಸ್‌ನಲ್ಲಿ 40 ಗಳಿಸಿಟ್ಟವಳಿಗೆ ಪರೀಕ್ಷೆಯಲ್ಲಿ 18 ಸಾಕು. ಕೊನೆಯ ಮೂರು ರಾತ್ರಿ ನಿದ್ದೆಗೆಟ್ಟು ಓದುವ ಬದಲು ಮೊದಲ ಟೆಸ್ಟಿಗೆ ಓದಿದರೆ ಲಾಭ ಹೆಚ್ಚು ಅನ್ನುವುದು ನೀತಿಪಾಠವಲ್ಲ, ಬರೀ ಕೂಡುವ ಲೆಕ್ಕ.

ಹಾಜರಾತಿಯದೂ ಲೆಕ್ಕವೇ. ಬೇಕಾದದ್ದು ಶೇ 85. ಸಕಾರಣ ಇದ್ದರೆ ಶೇ 10ರಷ್ಟು ಕೊರತೆ ಮನ್ನಿಸುತ್ತಾರೆ, 75ಕ್ಕಿಂತ ಕೆಳಗಿಳಿದರೆ ಕತೆ ಮುಗಿಯಿತು, ಮೊದಲು ಹೇಳಿದ ‘ಎಕ್ಸ್’ ಬೀಳುತ್ತದೆ. ಮೂರು ಕ್ರೆಡಿಟ್‌ನ ಥಿಯರಿಗೆ ಒಂದು ಸೆಮಿಸ್ಟರಿನಲ್ಲಿ ಸುಮಾರು 40 ಗಂಟೆ ಪಾಠ. ಹಾಗಾದರೆ ಆರು ಗಂಟೆ ತಪ್ಪಿಸಬಹುದು. ಹತ್ತು ಗಂಟೆ ಅಂದರೆ ಕೊನೆಯ ಗಡಿ. ಹಾಜರಾತಿಯನ್ನು ವಿಷಯವಾರು ಎಣಿಸುತ್ತಾರೆ ಅನ್ನುವುದನ್ನು ಜಗಳೂರಿನಿಂದ ದಿನವೂ ಬಸ್ಸಲ್ಲಿ ಓಡಾಡುವವರು ಮರೆಯುತ್ತಾರೆ. ಬಸ್ಸು ತಡವಾದರೆ ತಪ್ಪುವುದು ಯಾವಾಗಲೂ ಮೊದಲ ಪಿರಿಯಡ್ಡು. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಸಲ ಮೊದಲ ಪಿರಿಯಡ್ಡು ಒಂದೇ ವಿಷಯದ್ದಾಗಿದ್ದರೆ, ಉಳಿದ ಎಲ್ಲದರಲ್ಲಿ ಶೇ 95 ಇದ್ದವನಿಗೂ ಅದೊಂದರಲ್ಲಿ ಶಾರ್ಟೇಜ್. ಚನ್ನಗಿರಿ ಕಡೆಯವರಿಗೆ ಅಡಿಕೆ ಕೊಯ್ಲು, ಹೊನ್ನಾಳಿ–ಜಗಳೂರಿನವರಿಗೆ ಮೆಕ್ಕೆಜೋಳದ ಒಕ್ಕಣೆ, ಎರಡೂ ಬರುವುದು ಬೆಸ ಸೆಮಿಸ್ಟರಿನ ನಡುವೆಯೇ. ‘ಎರಡು ದಿನ ಬಂದು ಹೋಗೋ, ಆಳು ಸಿಕ್ತಿಲ್ಲ’ ಅಂತ ಅಪ್ಪ ಫೋನ್ ಮಾಡಿದರೆ ಆಗುವುದಿಲ್ಲ ಅನ್ನಲಾದೀತೇ? ಹೋಗಲಿ, ಆದರೆ ಯಾವ ಎರಡು ದಿನ ಅನ್ನುವುದನ್ನು ಹಾಜರಾತಿ ನೋಡಿಕೊಂಡು ಗೊತ್ತುಮಾಡಲಿ.

ಇನ್ನು ಸೊನ್ನೆಗಳ ಕತೆ. ಮೂರರಿಂದ ಆರನೇ ಸೆಮಿಸ್ಟರ್‌ವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ — ಇವುಗಳಲ್ಲಿ ಒಂದನ್ನು ತೆಗೆದುಕೊಳ್ಳಲೇಬೇಕು. ಕ್ರೆಡಿಟ್ ಸೊನ್ನೆ. ಒಟ್ಟು ಸರಾಸರಿಯಾದ ಸಿಜಿಪಿಎಗೆ ಸೇರುವುದಿಲ್ಲ, ಆದರೆ ಪಾಸಾಗದೆ ಪದವಿ ಇಲ್ಲ. ಸೊಸೈಟಿ ಸಾಲ ಪೂರ್ತಿ ಕಟ್ಟಿದ ಮೇಲೂ ಬೇಬಾಕಿ ಪತ್ರ ತರದವನ ಪಹಣಿಯಲ್ಲಿ ಸಾಲ ಹಾಗೆಯೇ ಕೂತಿರುತ್ತದಲ್ಲ, ಹಾಗೆ. 160 ಕ್ರೆಡಿಟ್ ಕೈಯಲ್ಲಿದ್ದರೂ ಸೊನ್ನೆಯ ಬಾಕಿ ಪದವಿಯನ್ನು ತಡೆದು ನಿಲ್ಲಿಸುತ್ತದೆ.

ಇದೇ ಜಾತಿಯದು ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್. ಮೊದಲ ವರ್ಷಕ್ಕೆ ಸೇರಿದವರಿಗೆ 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಕೊನೆಯ ವರ್ಷ ಯಾವುದೋ ಕಾರ್ಯಕ್ರಮದಲ್ಲಿ ಕುರ್ಚಿ ಜೋಡಿಸಿ ಸರ್ಟಿಫಿಕೇಟಿಗೆ ಅಲೆಯುವುದು ರೂಢಿಯಾಗಿಬಿಟ್ಟಿದೆ. ನನಗೆ ಇದು ಶುದ್ಧ ದಡ್ಡತನ ಅನ್ನಿಸುತ್ತದೆ, ಅದರಲ್ಲೂ ನಮ್ಮ ಕಡೆಯವರಿಗೆ. ಎಐಸಿಟಿಇ ಕೊಟ್ಟ ಪಟ್ಟಿಯಲ್ಲಿರುವುದು ಏನು? ನೀರಿನ ನಿರ್ವಹಣೆ, ಕಸ ವಿಲೇವಾರಿ, ಹಳ್ಳಿಯ ಉತ್ಪನ್ನಕ್ಕೆ ಮಾರುಕಟ್ಟೆ, ಊರ ಶಾಲೆಗೆ ನೆರವು, ಪ್ರವಾಸೋದ್ಯಮ, ಡಿಜಿಟಲ್ ಹಣ ಪಾವತಿ ಕಲಿಸುವುದು. ನಗರದ ಹುಡುಗರು ಇದಕ್ಕೆ ಹಳ್ಳಿ ಹುಡುಕಿಕೊಂಡು ಹೋಗಬೇಕು, ನಾವು ರಜೆಗೆ ಹೋಗುವುದೇ ಅಲ್ಲಿಗೆ. ಚನ್ನಗಿರಿ ಸೀಮೆಯಲ್ಲಿ ಸುಲಿದ ಅಡಿಕೆ ಸಿಪ್ಪೆಯನ್ನು ರಸ್ತೆ ಬದಿ ಸುರಿದು ಬೆಂಕಿ ಇಡುತ್ತಾರೆ. ಹೊಗೆಯಲ್ಲಿ ಬೈಕಿನವರಿಗೆ ದಾರಿಯೇ ಕಾಣುವುದಿಲ್ಲ. ಆ ಸಿಪ್ಪೆ ಗೊಬ್ಬರವಾಗಲು ಎಷ್ಟು ದಿನ ಬೇಕು, ಯಾವುದರ ಜೊತೆ ಬೆರೆಸಿದರೆ ಬೇಗ ಕೊಳೆಯುತ್ತದೆ ಎಂದು ಒಂದು ಬೇಸಿಗೆಯಲ್ಲಿ ತೋಟದ ಮೂಲೆಯಲ್ಲೇ ಗುಂಡಿ ತೋಡಿ ಬರೆದಿಡಬಹುದು. ಜಗಳೂರಿನಲ್ಲಿ ತುಂಗಭದ್ರೆಯ ನೀರನ್ನು 57 ಕೆರೆಗೆ ತುಂಬಿಸುವ ಯೋಜನೆ ಇದೆ; ನಮ್ಮೂರ ಕೆರೆಗೆ ನೀರು ಬಂದ ಮೇಲೆ ಸುತ್ತಲ ಬೋರ್‌ವೆಲ್‌ಗಳ ಮಟ್ಟ ಎಷ್ಟೆಷ್ಟಾಯಿತು ಎಂದು ತಿಂಗಳಿಗೊಮ್ಮೆ ಅಳೆದರೆ ಸಿವಿಲ್ ವಿದ್ಯಾರ್ಥಿಗೆ ಪಾಯಿಂಟೂ ಬಂತು, ಕೊನೆಯ ವರ್ಷದ ಪ್ರಾಜೆಕ್ಟಿಗೆ ದತ್ತಾಂಶವೂ ಬಂತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿಗೆ ಫೆಬ್ರವರಿಯಲ್ಲಿ ಸೇರುವ ಜನರ ಕುಡಿಯುವ ನೀರು, ಕಸ, ಪಾರ್ಕಿಂಗ್ ಸಣ್ಣ ವಿಷಯವೇ? ಒಂದೇ ಷರತ್ತು: ಮಾಡುವ ಮೊದಲು ಕಾಲೇಜಿನ ಮೆಂಟರ್‌ಗೆ ಹೇಳಿ ಒಪ್ಪಿಗೆ ಪಡೆಯಬೇಕು, ಫೋಟೊ, ದಿನಾಂಕ, ವರದಿ ಇಟ್ಟುಕೊಳ್ಳಬೇಕು. ಮಾಡಿ ಮುಗಿಸಿ ಕೇಳಿದರೆ ‘ಇದಕ್ಕೆ ಬರಲ್ಲಪ್ಪ’ ಅನ್ನಿಸಿಕೊಳ್ಳಬೇಕಾದೀತು.

ಡಿಪ್ಲೊಮಾದವರ ಪಾಡು ಸ್ವಲ್ಪ ಬೇರೆ. ಅವರ ಯುಎಸ್‌ಎನ್‌ನ ಕೊನೆಯ ಮೂರು ಅಂಕಿ 400ರಿಂದ ಶುರು. ಕ್ಲಾಸಿನಲ್ಲಿ ‘400 ಬ್ಯಾಚು’ ಅಂತಲೇ ಕರೆಯುವುದುಂಟು. ಅವರಿಗೆ ಬೇಕಾದದ್ದು 120 ಕ್ರೆಡಿಟ್. ಲ್ಯಾಬಿನಲ್ಲಿ, ವರ್ಕ್‌ಶಾಪಿನಲ್ಲಿ ಪಿಯುಸಿಯಿಂದ ಬಂದವರಿಗಿಂತ ಕೈ ಚುರುಕು. ತೊಡರುವುದು ಗಣಿತದಲ್ಲಿ. ಮೊದಲ ವರ್ಷದ ಕಲನಶಾಸ್ತ್ರ ಗೊತ್ತೆಂದು ಹಿಡಿದು ಮೂರನೇ ಸೆಮಿಸ್ಟರಿನ ಪಾಠ ಶುರುವಾಗುತ್ತದೆ, ಅವರು ಮೊದಲ ವರ್ಷ ಕೂತೇ ಇಲ್ಲ. 2018ರ ಸ್ಕೀಮ್‌ನಲ್ಲಿ ಇದಕ್ಕೆಂದೇ ಮೂರು, ನಾಲ್ಕನೇ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತ ಇಟ್ಟಿದ್ದರು. ಅದೂ ಸೊನ್ನೆ ಕ್ರೆಡಿಟ್, ಅದೂ ಪಾಸಾಗಲೇಬೇಕಿದ್ದ ವಿಷಯ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀಟಿಗೆ ಕಾಯುವ ತಿಂಗಳುಗಳಲ್ಲಿ ಮೊದಲ ಸೆಮಿಸ್ಟರಿನ ಗಣಿತ ಪುಸ್ತಕ ತಿರುವಿ ಹಾಕಿದವರಿಗೂ ಹಾಕದವರಿಗೂ ಇರುವ ಅಂತರ ಮೊದಲ ಟೆಸ್ಟಿನಲ್ಲೇ ಕಾಣುತ್ತದೆ.

ಆನರ್ಸ್ ಬೇಕೆಂದು ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸುಗಳಲ್ಲಿ 18 ಹೆಚ್ಚುವರಿ ಕ್ರೆಡಿಟ್‌ಗೆ ಹೊರಡುವವರು ಮೊದಲು ತಮ್ಮ ಬಾಕಿ ವಿಷಯ ನೋಡಿಕೊಳ್ಳಲಿ. ಕ್ಯಾಂಪಸ್ಸಿಗೆ ಬರುವ ಎಷ್ಟೋ ಕಂಪನಿಗಳ ಮೊದಲ ಪ್ರಶ್ನೆ ‘ಬ್ಯಾಕ್‌ಲಾಗ್ ಇದೆಯಾ?’ ಅನ್ನುವುದು, ಆನರ್ಸ್ ವಿಚಾರ ಆಮೇಲೆ.

ಕೊನೆಯ ವರ್ಷದ ಇಂಟರ್ನ್‌ಶಿಪ್ ಬಗ್ಗೆ ಮಾತ್ರ ಆರನೇ ಸೆಮಿಸ್ಟರಿನಲ್ಲೇ ಮನೆಯಲ್ಲಿ ಮಾತಾಡಬೇಕು. ಅದಕ್ಕೆ ವಾರಗಟ್ಟಲೆ ಪೂರ್ತಿ ಸಮಯ ಕೊಡಬೇಕು, ಅದು ಆ ಸೆಮಿಸ್ಟರಿನ ಕ್ರೆಡಿಟ್‌ನ ದೊಡ್ಡ ಪಾಲು. ಬೆಂಗಳೂರಿಗೆ ಹೋದರೆ ಪಿಜಿ ಬಾಡಿಗೆ, ಅಡ್ವಾನ್ಸ್, ಊಟ ಎಲ್ಲ ಕೈಯಿಂದಲೇ. ಸಂಬಳ ಕೊಡದ ಇಂಟರ್ನ್‌ಶಿಪ್‌ಗಳೇ ಹೆಚ್ಚು, ತಾವೇ ಫೀಸು ಕೇಳಿ ಸರ್ಟಿಫಿಕೇಟ್ ಬರೆದುಕೊಡುವವರೂ ಇದ್ದಾರೆ. ಅವರ ಹತ್ತಿರ ಸುಳಿಯಬಾರದು. ಹರಿಹರದ ಕಾರ್ಖಾನೆ, ಶಿವಮೊಗ್ಗದ ಫೌಂಡ್ರಿ, ಮೆಸ್ಕಾಂ, ಬೆಸ್ಕಾಂ, ನೀರಾವರಿ ನಿಗಮದ ಕಚೇರಿ — ಮನೆಯಿಂದಲೇ ಓಡಾಡಬಹುದಾದ ಜಾಗಗಳಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು ಮೊದಲು ಕೇಳಿ ನೋಡಬೇಕು. ಕೇಳುವಾಗ ಪ್ರಾಂಶುಪಾಲರ ಸಹಿ, ಸೀಲು ಇರುವ ಪತ್ರ ಕೈಯಲ್ಲಿರಲಿ. ಅದಿಲ್ಲದೆ ಹೋದರೆ ಗೇಟಿನ ಸೆಕ್ಯುರಿಟಿಯವನು ಒಳಗೇ ಬಿಡುವುದಿಲ್ಲ.