ಸೇಫ್ಟಿ ರೇಜರಿನ ಮರಳಿಕೆ: ಅಂಗಡಿಗೂ ಕಾರ್ಯಾಗಾರಕ್ಕೂ ಒಂದು ಲೆಕ್ಕ

ಅಂಗಡಿಯ ಗಲ್ಲಾದ ಹಿಂಬದಿಯಲ್ಲಿ, ಗಿರಾಕಿಯ ಕೈಗೆ ನೇರವಾಗಿ ಎಟುಕದಂತೆ ತೂಗುಹಾಕುವ ಸರಕುಗಳಲ್ಲಿ ಕ್ಷೌರದ ಕಾರ್ಟ್ರಿಜ್‌ಗಳ ಪೊಟ್ಟಣವೂ ಒಂದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಬೆಲೆ ಮಾತ್ರ ನೂರುಗಳ ಲೆಕ್ಕದಲ್ಲಿ. ಆದುದರಿಂದ ಕಳವಾಗುವ ಭಯ ಸದಾ ಇದ್ದದ್ದೇ. ಅದೇ ಅಂಗಡಿಯ ಯಾವುದೋ ಡ್ರಾಯರಿನ ಮೂಲೆಯಲ್ಲಿ, ಕಾಗದದಲ್ಲಿ ಸುತ್ತಿದ ಎರಡಲಗಿನ ಬ್ಲೇಡುಗಳು ಎರಡು ಮೂರು ರೂಪಾಯಿಗೆ ಒಂದರಂತೆ ಬಿದ್ದಿರುತ್ತವೆ. ಅವುಗಳನ್ನು ಯಾರೂ ಕದಿಯುವುದಿಲ್ಲ. ಎರಡೂ ಮಾಡುವ ಕೆಲಸ ಮಾತ್ರ ಒಂದೇ.

ಕಳೆದ ಎರಡು ದಶಕಗಳಿಂದ ಅಮೆರಿಕ ಮತ್ತು ಯುರೋಪಿನ ಗಿರಾಕಿಗಳಲ್ಲಿ ಒಂದು ವರ್ಗವು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಮರಳುತ್ತಿದೆ. ಭಾರತದ ನಗರಗಳಲ್ಲಿಯೂ ಲೋಹದ ಹಿಡಿಯ ಸೇಫ್ಟಿ ರೇಜರ್, ಬ್ರಷ್ಷು, ಬಟ್ಟಲಿನ ಸಾಬೂನುಗಳು ಉಡುಗೊರೆಯ ಪೆಟ್ಟಿಗೆಗಳಲ್ಲಿ ಕಾಣಿಸಿಕೊಂಡಿವೆ. ಇದು ಸಣ್ಣ ಮಾರುಕಟ್ಟೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಆದರೂ ಈ ಬದಲಾವಣೆಯ ಹಿಂದಿರುವ ವ್ಯಾಪಾರ ಸೂತ್ರವು ಬ್ಲೇಡು ಮಾರುವವರಿಗೆ ಮಾತ್ರವಲ್ಲ, ಬಿಡಿಭಾಗ ಹಾಗೂ ಮರುಪೂರಣದ ಸರಕನ್ನು ನಂಬಿದ ಪ್ರತಿಯೊಬ್ಬ ವರ್ತಕನಿಗೂ ಸಂಬಂಧಿಸಿದುದು.

ಬೀಗ ಬಿದ್ದದ್ದು ಯಾವಾಗ?

ಹಿಡಿಯನ್ನು ಅಗ್ಗವಾಗಿ ಕೊಟ್ಟು ಬ್ಲೇಡಿನಲ್ಲಿ ಲಾಭ ಮಾಡುವ ಉಪಾಯವನ್ನು ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ಮಾರಾಟಗಾರ ಕಂಡುಹಿಡಿದನೆಂದು ವಾಣಿಜ್ಯ ಪಾಠಗಳಲ್ಲಿ ಹೇಳುವುದು ವಾಡಿಕೆ. ಇತಿಹಾಸ ಸ್ವಲ್ಪ ಬೇರೆಯೇ ಇದೆ. ಬಾಟಲಿಯ ಬಿರಡೆ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಜಿಲೆಟ್‌ಗೆ, ಬಳಸಿ ಎಸೆಯುವ ತೆಳು ಬ್ಲೇಡಿನ ಕಲ್ಪನೆ ಹೊಳೆದದ್ದು 1895ರಲ್ಲಿ. ಆ ತೆಳು ಉಕ್ಕನ್ನು ಹದಗೊಳಿಸಿ ಹರಿತ ಮಾಡುವ ಯಂತ್ರಗಳನ್ನು ರೂಪಿಸಿದವನು ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರ್. 1901ರಲ್ಲಿ ಕಂಪನಿ ಸ್ಥಾಪನೆಯಾಯಿತು. 1903ರಲ್ಲಿ ಮಾರಾಟವಾದದ್ದು ಕೇವಲ 51 ರೇಜರುಗಳು ಮತ್ತು 168 ಬ್ಲೇಡುಗಳು; ಮರುವರ್ಷ ರೇಜರುಗಳ ಸಂಖ್ಯೆ 90,000ವನ್ನು ದಾಟಿತು. 1904ರ ನವೆಂಬರಿನಲ್ಲಿ ಪೇಟೆಂಟ್ ದೊರೆಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಆ ರೇಜರಿನ ಬೆಲೆ 5 ಡಾಲರ್. ಅಂದಿನ ಕಾರ್ಮಿಕನ ವಾರದ ಕೂಲಿಯಲ್ಲಿ ದೊಡ್ಡ ಪಾಲು. ಪೇಟೆಂಟಿನ ರಕ್ಷಣೆ ಇದ್ದ ಹದಿನೇಳು ವರ್ಷಗಳ ಕಾಲ ಕಂಪನಿ ಹಿಡಿಯನ್ನು ದುಬಾರಿಯಾಗಿಯೇ ಮಾರಿತು. ಪೇಟೆಂಟಿನ ಅವಧಿ ತೀರಿದ 1921ರಲ್ಲಿ ಸ್ಪರ್ಧಿಗಳು ಬರುತ್ತಾರೆಂದು ಹಳೆಯ ಮಾದರಿಯ ಬೆಲೆಯನ್ನು ಒಂದು ಡಾಲರಿಗೆ ಇಳಿಸಿತು. ಷಿಕಾಗೋ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ರ‍್ಯಾಂಡಲ್ ಪಿಕರ್ 2010ರ ತಮ್ಮ ಪ್ರಬಂಧದಲ್ಲಿ ಈ ವಿಚಿತ್ರವನ್ನು ಎತ್ತಿ ತೋರಿಸಿದ್ದಾರೆ. ಬ್ಲೇಡಿಗೆ ಗಿರಾಕಿಯನ್ನು ಕಟ್ಟಿಹಾಕುವ ಶಕ್ತಿ ಇದ್ದಾಗ ಕಂಪನಿ ಹಿಡಿಯನ್ನು ಅಗ್ಗ ಮಾಡಲಿಲ್ಲ. ಆ ಶಕ್ತಿ ಕೈತಪ್ಪಿದಾಗ ಅಗ್ಗ ಮಾಡಿತು.

1930ರಲ್ಲಿ ಜಿಲೆಟ್ ಕಂಪನಿಯು ಪ್ರತಿಸ್ಪರ್ಧಿಯಾದ ಆಟೋಸ್ಟ್ರಾಪ್‌ನೊಡನೆ ವಿಲೀನಗೊಂಡಿತು. ನಡುವೆ ಉದ್ದ ಸೀಳಿರುವ ಬ್ಲೇಡಿನ ಆಕಾರ ರೂಢಿಗೆ ಬಂದದ್ದು ಆ ಸುಮಾರಿನಲ್ಲಿ. ಇಂದು ಜಪಾನಿನ ಬ್ಲೇಡು ಜರ್ಮನಿಯ ಹಿಡಿಗೂ, ಭಾರತದ ಬ್ಲೇಡು ಅಜ್ಜನ ಕಾಲದ ಹಿತ್ತಾಳೆಯ ರೇಜರಿಗೂ ಸರಿಯಾಗಿ ಕೂರುತ್ತದೆ. ಯಾವ ಕಂಪನಿಯ ಸೊತ್ತೂ ಅಲ್ಲದ, ಎಲ್ಲರೂ ತಯಾರಿಸಬಹುದಾದ ಅಳತೆ ಅದು.

ಇಂತಹ ಸರಕಿನಲ್ಲಿ ಲಾಭ ತೆಳುವಾಗುವುದು ಸಹಜ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್ ತುಕ್ಕುಹಿಡಿಯದ ಉಕ್ಕಿನ ಬ್ಲೇಡನ್ನು ತಂದಾಗ, ಹೆಚ್ಚು ಬಾಳುವ ಆ ಬ್ಲೇಡಿನೆದುರು ಜಿಲೆಟ್ ತತ್ತರಿಸಿತು. ಬೀಗ ಮತ್ತೆ ಬಿದ್ದದ್ದು 1971ರಲ್ಲಿ, ಎರಡು ಬ್ಲೇಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಟ್ರ್ಯಾಕ್ ಟು ಕಾರ್ಟ್ರಿಜ್‌ನೊಂದಿಗೆ. ಅದರ ಕೊಂಡಿ ಆ ಕಂಪನಿಯ ಹಿಡಿಗೆ ಮಾತ್ರ. ಅಲ್ಲಿಂದ 1990ರ ಸೆನ್ಸರ್, 1998ರ ಮೂರು ಬ್ಲೇಡುಗಳ ಮ್ಯಾಕ್ ತ್ರೀ, 2006ರ ಐದು ಬ್ಲೇಡುಗಳ ಫ್ಯೂಷನ್ ಬಂದವು. ಹೊಸ ಪೇಟೆಂಟು, ಹೊಸ ಕೊಂಡಿ, ಹೊಸ ಬೆಲೆ. 2005ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸುಮಾರು 5,700 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಜಿಲೆಟ್ಟನ್ನು ಕೊಂಡಾಗ ಅದು ತೆತ್ತ ಬೆಲೆಯಲ್ಲಿ ಈ ಕೊಂಡಿಯ ಪಾಲು ಸಣ್ಣದೇನಲ್ಲ.

ದುಬಾರಿ ಕಾರ್ಟ್ರಿಜ್ಜೇ ಸ್ಪರ್ಧಿಯನ್ನೂ ಆಹ್ವಾನಿಸಿತು. 2012ರಲ್ಲಿ ಅಮೆರಿಕದ ಡಾಲರ್ ಶೇವ್ ಕ್ಲಬ್ ಅಂಚೆಯ ಮೂಲಕ ತಿಂಗಳಿಗಿಷ್ಟು ಎಂದು ಅಗ್ಗದ ಕಾರ್ಟ್ರಿಜ್ ಕಳುಹಿಸತೊಡಗಿತು. 2016ರಲ್ಲಿ ಯೂನಿಲಿವರ್ ಅದನ್ನು ಸುಮಾರು 100 ಕೋಟಿ ಡಾಲರಿಗೆ ಕೊಂಡುಕೊಂಡಿತು. 2017ರಲ್ಲಿ ಜಿಲೆಟ್ ಅಮೆರಿಕದಲ್ಲಿ ಬೆಲೆ ಇಳಿಸಿತು. 2019ರಲ್ಲಿ ಮಾತೃಸಂಸ್ಥೆಯು ಆ ವ್ಯವಹಾರದ ಮೌಲ್ಯವನ್ನು ತನ್ನ ಲೆಕ್ಕಪತ್ರದಲ್ಲಿ ಸುಮಾರು 800 ಕೋಟಿ ಡಾಲರಿನಷ್ಟು ತಗ್ಗಿಸಿತು. 2020ರಲ್ಲಿ ಅದೇ ಕಂಪನಿ ಸ್ಥಾಪಕನ ಪೂರ್ಣ ಹೆಸರನ್ನಿಟ್ಟು ಎರಡಲಗಿನ ಸೇಫ್ಟಿ ರೇಜರನ್ನು ಹೊಸದಾಗಿ ಮಾರುಕಟ್ಟೆಗೆ ಬಿಟ್ಟಿತು.

ಭಾರತದಲ್ಲಿ ಬ್ಲೇಡು ಎಲ್ಲಿಗೂ ಹೋಗಿರಲಿಲ್ಲ

ನಮ್ಮಲ್ಲಿ "ಮರಳಿಕೆ" ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಕೋಲ್ಕತ್ತ ಮೂಲದ ಮಲ್ಹೋತ್ರಾ ಮನೆತನದ ಟೋಪಾಜ್, ಠಾಣೆಯ ಕಾರ್ಖಾನೆಯಿಂದ ಬರುತ್ತಿದ್ದ ಸೂಪರ್‌ಮ್ಯಾಕ್ಸ್ ಮುಂತಾದ ಬ್ಲೇಡುಗಳು ದಶಕಗಳ ಕಾಲ ಹಳ್ಳಿಯ ಪೆಟ್ಟಿಗೆ ಅಂಗಡಿಗಳಿಗೂ ತಲುಪಿದವು. ಆ ಬ್ಲೇಡು ಗಡ್ಡಕ್ಕಷ್ಟೇ ಮೀಸಲಾಗಿರಲಿಲ್ಲ. ಮಕ್ಕಳ ಪೆನ್ಸಿಲ್ ಹೆರೆಯಲು, ದರ್ಜಿ ಹೊಲಿಗೆ ಬಿಚ್ಚಲು, ಮನೆಮಂದಿ ಉಗುರು ತೆಗೆಯಲು, ಕಾಲೇಜಿನ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಕಾಂಡ ಸೀಳಲು ಅದೇ ಬೇಕಿತ್ತು. ಇಂದಿಗೂ ಕ್ಷೌರಿಕರು ಬ್ಲೇಡನ್ನು ಕಾಗದದೊಳಗೇ ಮಡಚಿ ಎರಡು ಹೋಳು ಮಾಡಿ, ಅರ್ಧ ಬ್ಲೇಡನ್ನು ಕತ್ತಿಗೆ ಸಿಕ್ಕಿಸುತ್ತಾರೆ. ರೋಗ ಹರಡುವ ಅರಿವು ಹೆಚ್ಚಿದ ಮೇಲೆ ಪ್ರತಿ ಗಿರಾಕಿಗೆ ಹೊಸ ಬ್ಲೇಡು ಎಂಬ ರೂಢಿ ಬಂದುದರಿಂದ ಸಲೂನುಗಳು ಈ ಸರಕಿನ ಖಾಯಂ ಗಿರಾಕಿಗಳಾಗಿವೆ.

ಕಾರ್ಟ್ರಿಜ್ ಕಂಪನಿಗಳು ಈ ಬ್ಲೇಡಿನ ಗಿರಾಕಿಯನ್ನು ಒಲಿಸಿಕೊಳ್ಳಲು ಪಟ್ಟ ಪಾಡು ಸ್ವಾರಸ್ಯಕರವಾಗಿದೆ. 2002ರಲ್ಲಿ ಜಿಲೆಟ್ ಭಾರತಕ್ಕೆಂದೇ ತಂದ ವೆಕ್ಟರ್ ರೇಜರನ್ನು ಪರೀಕ್ಷಿಸಿದ್ದು ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಮೇಲೆ. ಅವರಿಗೆ ನಲ್ಲಿಯಲ್ಲಿ ಹರಿಯುವ ನೀರಿತ್ತು. ಇಲ್ಲಿಯ ಗಿರಾಕಿ ಒಂದು ಲೋಟ ನೀರಿನಲ್ಲಿ ರೇಜರನ್ನು ಅದ್ದಿ ತೆಗೆಯುತ್ತಿದ್ದ. ಬ್ಲೇಡುಗಳ ನಡುವೆ ಕೂದಲು ಸಿಕ್ಕಿಕೊಂಡು ಹೋಗುತ್ತಲೇ ಇರಲಿಲ್ಲ. ಪಾಠ ಕಲಿತ ಕಂಪನಿ ಭಾರತೀಯರ ಮನೆಗಳಲ್ಲಿಯೇ ಕುಳಿತು ಗಮನಿಸಿ, 2010ರಲ್ಲಿ ಒಂದೇ ಬ್ಲೇಡಿನ ಗಾರ್ಡ್ ರೇಜರನ್ನು 15 ರೂಪಾಯಿಗೂ, ಅದರ ಕಾರ್ಟ್ರಿಜ್ಜನ್ನು 5 ರೂಪಾಯಿಗೂ ಬಿಡುಗಡೆ ಮಾಡಿತು. ಲೋಟದ ನೀರಿನಲ್ಲಿ ಅದ್ದಿದರೆ ಶುಚಿಯಾಗುವ ಗುಣವನ್ನು ಸಾದಾ ಬ್ಲೇಡಿನಿಂದಲೇ ಎರವಲು ಪಡೆದಂತಾಯಿತು.

ಗಿರಾಕಿಯ ಉಳಿತಾಯ, ಅಂಗಡಿಯ ನಷ್ಟ

ಸೇಫ್ಟಿ ರೇಜರಿಗೆ ಬದಲಾಗುವವರು ಹೇಳುವ ಕಾರಣಗಳು ಮೂರು: ಖರ್ಚು, ಚರ್ಮ, ಕಸ. ಪ್ಲಾಸ್ಟಿಕ್ಕೂ ಉಕ್ಕೂ ಬೆಸೆದುಕೊಂಡಿರುವ ಕಾರ್ಟ್ರಿಜ್ಜನ್ನು ಗುಜರಿಯವರು ಮುಟ್ಟುವುದಿಲ್ಲ. ಚರ್ಮದ ವಿಷಯದಲ್ಲಿ ಎಲ್ಲರ ಅನುಭವ ಒಂದೇ ಅಲ್ಲ. ಹಲವು ಬ್ಲೇಡುಗಳ ಸಾಲು ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುವುದರಿಂದ, ಗುಂಗುರು ಗಡ್ಡದವರಲ್ಲಿ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆಗಳೇಳುವುದುಂಟು. ಅಂಥವರಿಗೆ ಒಂಟಿ ಬ್ಲೇಡು ಹಿತವೆನಿಸಬಹುದು.

ಖರ್ಚಿನ ಲೆಕ್ಕವನ್ನು ಉದಾಹರಣೆಯೊಂದರಿಂದ ನೋಡಬಹುದು. ವರ್ಷಕ್ಕೆ 300 ಕ್ಷೌರ ಎಂದಿಟ್ಟುಕೊಳ್ಳೋಣ. ಮೂರು ರೂಪಾಯಿಯ ಬ್ಲೇಡು ಐದು ಸಲ ಬಂದರೆ 60 ಬ್ಲೇಡು, 180 ರೂಪಾಯಿ. 120 ರೂಪಾಯಿಯ ಕಾರ್ಟ್ರಿಜ್ ಹದಿನೈದು ಸಲ ಬಂದರೆ 20 ಕಾರ್ಟ್ರಿಜ್, 2,400 ರೂಪಾಯಿ. ಸಾವಿರ ರೂಪಾಯಿಯ ಲೋಹದ ರೇಜರ್ ಕೊಂಡರೂ ಆರು ತಿಂಗಳೊಳಗೆ ಅಸಲು ಹುಟ್ಟುತ್ತದೆ.

ಈ ಲೆಕ್ಕದ ಇನ್ನೊಂದು ಮಗ್ಗುಲನ್ನು ಯಾರೂ ಬರೆಯುವುದಿಲ್ಲ. ಶೇಕಡಾ ಹತ್ತರ ಲಾಭಾಂಶವೆಂದು ಹಿಡಿದರೂ, ಕಾರ್ಟ್ರಿಜ್ ಗಿರಾಕಿಯಿಂದ ಅಂಗಡಿಗೆ ವರ್ಷಕ್ಕೆ 240 ರೂಪಾಯಿ. ಬ್ಲೇಡಿನ ಗಿರಾಕಿಯಿಂದ 18 ರೂಪಾಯಿ. ಗಿರಾಕಿಯ ಜಾಣತನ ವರ್ತಕನ ಜೇಬಿಗೆ ಕತ್ತರಿ. ಆದುದರಿಂದ ಬ್ಲೇಡನ್ನೊಂದೇ ನೆಚ್ಚಿ ಈ ವ್ಯಾಪಾರಕ್ಕಿಳಿಯುವುದರಲ್ಲಿ ಅರ್ಥವಿಲ್ಲ. ಸೇಫ್ಟಿ ರೇಜರಿಗೆ ಬಂದವನು ಬ್ರಷ್ಷು, ಸಾಬೂನು, ಬಟ್ಟಲು, ಪಟಿಕದ ತುಂಡು, ರೇಜರ್ ನಿಲ್ಲಿಸುವ ಸ್ಟ್ಯಾಂಡು ಕೊಳ್ಳುತ್ತಾನೆ. ಬೇರೆ ಬೇರೆ ಕಂಪನಿಗಳ ಬ್ಲೇಡುಗಳನ್ನು ಒಂದೊಂದು ಪೊಟ್ಟಣ ಕೊಂಡು ತನ್ನ ಗಡ್ಡಕ್ಕೆ ಹೊಂದುವುದನ್ನು ಹುಡುಕುತ್ತಾನೆ. ಹಿಡಿಯೊಂದರ ಮಾರಾಟದಲ್ಲಿ ಶೇಕಡಾ 25 ಉಳಿದರೆ, ಆ ಗಿರಾಕಿಯ ಒಂದು ವರ್ಷದ ಕಾರ್ಟ್ರಿಜ್ ಲಾಭ ಒಂದೇ ಸಲಕ್ಕೆ ಬಂದಂತೆ. ಎರಡನೆಯ ವರ್ಷ ಅಷ್ಟು ಸುಖದ್ದಲ್ಲ. ಆದರೆ ಕಾರ್ಟ್ರಿಜ್ ದಾಸ್ತಾನಿನಲ್ಲಿ ಕಟ್ಟಿಬಿದ್ದ ಬಂಡವಾಳ, ಕಳವಿನ ಭಯ, ಆನ್‌ಲೈನ್ ರಿಯಾಯಿತಿಯೊಡನೆ ಪೈಪೋಟಿ, ಇವನ್ನೂ ಎದುರು ಬದಿಯಲ್ಲಿ ಬರೆದುಕೊಳ್ಳುವುದು ನ್ಯಾಯ. ಕೊಂಡಿಯ ಲಾಭ ಎಂದೂ ಪೂರ್ತಿಯಾಗಿ ಅಂಗಡಿಯವನದಾಗಿರಲಿಲ್ಲ.

ಮಾರುವವರು ಗಿರಾಕಿಗೆ ನಾಲ್ಕು ಮಾತು ಹೇಳಿಕೊಟ್ಟರೆ ರೇಜರು ಹಿಂದಿರುಗಿ ಬರುವುದು ತಪ್ಪುತ್ತದೆ. ಕಾರ್ಟ್ರಿಜ್‌ನ ಅಭ್ಯಾಸದಲ್ಲಿ ಒತ್ತಿ ಎಳೆಯುವವರೇ ಮೊದಲ ವಾರ ಗಾಯ ಮಾಡಿಕೊಳ್ಳುವುದು. ರೇಜರಿನ ಸ್ವಂತ ಭಾರವೇ ಸಾಕು. ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿನಲ್ಲಿ, ಚಿಕ್ಕ ಚಿಕ್ಕದಾಗಿ ಎಳೆಯಬೇಕು. ಬಿಸಿನೀರಿನಲ್ಲಿ ನೆನೆದ ಕೂದಲು ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿಯಾದರೂ, ಕೂದಲು ಬಾಗಿದಾಗ ಅಲಗಿನ ಅಂಚಿನಿಂದ ಸೂಕ್ಷ್ಮ ಚೂರುಗಳು ಏಳುತ್ತವೆಂದು ಅಮೆರಿಕದ ಎಂ.ಐ.ಟಿ. ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಬ್ಲೇಡು ಮೊಂಡಾಗುವುದು ಸವೆತದಿಂದ ಮಾತ್ರವಲ್ಲ. ಬಳಸಿದ ಬ್ಲೇಡುಗಳನ್ನು ಹಳೆಯ ತಗಡಿನ ಡಬ್ಬಿಯಲ್ಲಿ ಕೂಡಿಡಬೇಕೇ ಹೊರತು ಕಸದ ಚೀಲಕ್ಕೆ ಬಿಡಿಯಾಗಿ ಹಾಕಬಾರದು, ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ವಿಮಾನದ ಕೈಚೀಲದಲ್ಲಿ ಈ ಬ್ಲೇಡಿಗೆ ಅವಕಾಶವಿಲ್ಲ ಎಂಬುದನ್ನೂ ಹೇಳಿಬಿಡುವುದು ಒಳ್ಳೆಯದು.

ಕಿರು ಉದ್ದಿಮೆಗೆ ತೆರೆದ ಭಾಗ

ಬ್ಲೇಡು ತಯಾರಿಕೆ ಸಣ್ಣ ಬಂಡವಾಳದ ಕೆಲಸವಲ್ಲ. ಸುಮಾರು 13ರಷ್ಟು ಶೇಕಡಾ ಕ್ರೋಮಿಯಂ ಇರುವ, 0.1 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು ರಂಧ್ರ ಕೊರೆದು, ಕುಲುಮೆಯಲ್ಲಿ ಹದಗೊಳಿಸಿ, ಸಾಣೆ ಹಿಡಿದು, ಅಂಚಿಗೆ ಕ್ರೋಮಿಯಂ ಅಥವಾ ಪ್ಲಾಟಿನಂ, ಅದರ ಮೇಲೆ ಜಾರುಗುಣದ ಟೆಫ್ಲಾನ್ ಜಾತಿಯ ಲೇಪ ಕೊಡಬೇಕು. ಅಂತಹ ಪಟ್ಟಿಯುಕ್ಕನ್ನು ತಯಾರಿಸುವವರು ಜಗತ್ತಿನಲ್ಲಿಯೇ ಕೆಲವರು. ಕೋಟಿಗಟ್ಟಲೆ ಬ್ಲೇಡು ಹೊರಬಿದ್ದರೆ ಮಾತ್ರ ಯಂತ್ರದ ಖರ್ಚು ಗಿಟ್ಟುತ್ತದೆ.

ಹಿಡಿ ಮತ್ತು ತಲೆಯ ಸಂಗತಿ ಬೇರೆ. ಪೀಣ್ಯದಂತಹ ಕೈಗಾರಿಕಾ ವಸಾಹತುಗಳಲ್ಲಿ ದಿನನಿತ್ಯ ನಡೆಯುವ ಲೇತ್ ಕೆಲಸ, ಸಿ.ಎನ್.ಸಿ. ಮಿಲ್ಲಿಂಗ್, ಡೈಕಾಸ್ಟಿಂಗ್, ಪ್ಲೇಟಿಂಗ್ ಇವಿಷ್ಟರಲ್ಲಿ ರೇಜರು ತಯಾರಾಗುತ್ತದೆ. ಅಗ್ಗದ ರೇಜರುಗಳ ತಲೆ ಜಾಮಕ್ ಎಂಬ ಸತುವಿನ ಮಿಶ್ರಲೋಹದ ಎರಕ. ಮೇಲೆ ಕ್ರೋಮಿಯಂ ಲೇಪ. ಲೇಪ ಎದ್ದರೆ ಒಳಗಿನ ಲೋಹ ಕೊರೆದುಹೋಗುತ್ತದೆ, ತಲೆಯ ತಿರುಪಿನ ಕಡ್ಡಿ ಬುಡದಲ್ಲಿ ಮುರಿಯುತ್ತದೆ. ಗಿರಾಕಿಗಳ ದೂರುಗಳಲ್ಲಿ ಇದು ಸಾಮಾನ್ಯ. ಹಿತ್ತಾಳೆ ಅಥವಾ 316 ಎಲ್ ದರ್ಜೆಯ ತುಕ್ಕುಹಿಡಿಯದ ಉಕ್ಕಿನಲ್ಲಿ ಕಡೆದ ರೇಜರಿಗೆ ಗಿರಾಕಿ ಹಲವು ಪಟ್ಟು ಬೆಲೆ ಕೊಡುತ್ತಿರುವುದು ಈ ಕಾರಣಕ್ಕೇ. ಜರ್ಮನಿಯ ಜೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಊರುಗಳ ಹೆಸರಿಗೆ ಇರುವ ಬೆಲೆ ಇನ್ನೊಂದು ಊರಿಗೆ ಒಂದೇ ದಿನದಲ್ಲಿ ಬಾರದು. ಅಳತೆಯ ನಿಖರತೆಗೆ ಊರಿನ ಹಂಗಿಲ್ಲ.

ಮಾದರಿ ತಯಾರಿಸುವವರು ಮುಖ್ಯವಾಗಿ ನೋಡಬೇಕಾದದ್ದು ಬ್ಲೇಡಿನ ಅಂಚಿಗೂ ಕೆಳಗಿನ ಪಟ್ಟಿಗೂ ನಡುವಣ ಸಂದು. ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಹೆಚ್ಚು ಕಡಮೆಯಾದರೆ ಸೌಮ್ಯ ರೇಜರು ಒರಟಾಗುತ್ತದೆ. ಎರಡೂ ಬದಿಯ ಸಂದು ಸಮನಾಗಿರಬೇಕು, ಬ್ಲೇಡು ಓರೆಯಾಗಿ ಕೂರಬಾರದು. ಇಂದಿನ ರೇಜರುಗಳಲ್ಲಿ ಹೆಚ್ಚಿನವು 5 ಮಿ.ಮೀ. ತಿರುಪನ್ನೇ ಬಳಸುವುದರಿಂದ, ಅದೇ ತಿರುಪನ್ನು ಇಟ್ಟುಕೊಂಡರೆ ಹಿಡಿಯನ್ನು ಮಾತ್ರ ಬೇರೆಯಾಗಿಯೂ ಮಾರಬಹುದು. ಬ್ಲೇಡಿನ ಅಳತೆ ಒಂದೇ ಎಂದರೂ ಕಂಪನಿಯಿಂದ ಕಂಪನಿಗೆ ಕೂದಲೆಳೆಯಷ್ಟು ವ್ಯತ್ಯಾಸ ಇರುವುದುಂಟು. ಮೊದಲ ಮಾದರಿಗೆ ಕನಿಷ್ಠ ಐದಾರು ಕಂಪನಿಗಳ ಬ್ಲೇಡುಗಳನ್ನು ಕೂರಿಸಿ, ಸಂದನ್ನು ಫೀಲರ್ ಗೇಜಿನಿಂದ ಅಳೆದ ನಂತರವೇ ಡೈಗೆ ಹಣ ಹಾಕುವುದು ಕ್ಷೇಮ.