ಮಾರ್ಟಿನ್ ಮತ್ತು ಮಾಲ್ಕಮ್: ದಾರಿ ಎರಡು, ಹಕ್ಕು ಒಂದು

ಮಾರ್ಟಿನ್ ಲೂಥರ್ ಕಿಂಗ್ ಮತ್ತು ಮಾಲ್ಕಮ್ ಎಕ್ಸ್ ಮುಖಾಮುಖಿಯಾದದ್ದು ಬದುಕಿನಲ್ಲಿ ಒಂದೇ ಸಲ. 1964ರ ಮಾರ್ಚ್ 26ರಂದು, ಅಮೆರಿಕದ ಸಂಸತ್ ಭವನದಲ್ಲಿ. ನಾಗರಿಕ ಹಕ್ಕುಗಳ ಮಸೂದೆಯ ಚರ್ಚೆಗಾಗಿ ಇಬ್ಬರೂ ಅಲ್ಲಿಗೆ ಬಂದಿದ್ದರು. ಕೈ ಕುಲುಕಿದರು, ಫೋಟೊಗೆ ನಿಂತರು, ಹೊರಟರು. ಅಷ್ಟೇ.

ಒಬ್ಬರು ಶಾಂತಿದೂತ, ಇನ್ನೊಬ್ಬರು ಬೆಂಕಿ ಎಂದು ಹೇಳಿ ಮುಗಿಸುವವರಿದ್ದಾರೆ. ಸಂಗತಿ ಅಷ್ಟು ಸುಲಭದ್ದಲ್ಲ.

ಕಿಂಗ್ ಅಟ್ಲಾಂಟಾದ ಪಾದ್ರಿಯೊಬ್ಬರ ಮಗ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬಸ್ಸಿನಲ್ಲಿ ಬೇರೆ ಸೀಟು, ಬೇರೆ ಶಾಲೆ. ಮತದಾನದ ಹಕ್ಕು ಹೆಸರಿಗೆ ಮಾತ್ರ. 1955ರಲ್ಲಿ ಮಾಂಟ್ಗೊಮರಿಯಲ್ಲಿ ಬಸ್ ಬಹಿಷ್ಕಾರ ಶುರುವಾಯಿತು. 381 ದಿನ ಜನ ನಡೆದೇ ಕೆಲಸಕ್ಕೆ ಹೋದರು, ಗೆದ್ದರು. 1959ರಲ್ಲಿ ಕಿಂಗ್ ಭಾರತಕ್ಕೂ ಬಂದು ಗಾಂಧೀಜಿಯ ದಾರಿಯನ್ನು ಹತ್ತಿರದಿಂದ ತಿಳಿದುಕೊಂಡರು. ಅವರ ಅಹಿಂಸೆ ಅಂದರೆ ಕೈಕಟ್ಟಿ ಕೂರುವುದಲ್ಲ. ಅನ್ಯಾಯದ ಕಾನೂನು ಮುರಿದು ಜೈಲು ತುಂಬಿಸುವುದು, ವ್ಯಾಪಾರ ನಿಲ್ಲಿಸುವುದು, ಆಳುವವರನ್ನು ಮಾತುಕತೆಗೆ ಎಳೆದು ತರುವುದು.

ಮಾಲ್ಕಮ್ ಕಂಡ ಲೋಕವೇ ಬೇರೆ. ಆರರ ವಯಸ್ಸಿಗೆ ತಂದೆ ತೀರಿಹೋದರು, ತಾಯಿ ಮಾನಸಿಕ ಆಸ್ಪತ್ರೆ ಸೇರಿದರು. ಕಳ್ಳತನಕ್ಕಾಗಿ 1946ರಿಂದ 1952ರವರೆಗೆ ಜೈಲು. ಅಲ್ಲೇ ಓದಿ ಬೆಳೆದರು, 'ನೇಷನ್ ಆಫ್ ಇಸ್ಲಾಂ' ಸೇರಿದರು. ಉತ್ತರದ ನಗರಗಳಲ್ಲಿ ಪ್ರತ್ಯೇಕತೆಯ ಬೋರ್ಡು ಇರಲಿಲ್ಲ ನಿಜ, ಆದರೆ ಕಪ್ಪು ಜನರಿಗೆ ಒಳ್ಳೆಯ ಕೆಲಸವೂ ಇರಲಿಲ್ಲ, ಒಳ್ಳೆಯ ಮನೆಯೂ ಇರಲಿಲ್ಲ. ಜೊತೆಗೆ ಪೊಲೀಸರ ಹೊಡೆತ. ಅವರ ಮುಂದೆ ನಿಂತು ಮಾಲ್ಕಮ್ ಹೇಳಿದ್ದು: ಮೊದಲು ನಿನ್ನನ್ನು ನೀನು ಗೌರವಿಸು, ಹೊಡೆಯಲು ಬಂದವನಿಂದ ನಿನ್ನನ್ನು ಕಾಪಾಡಿಕೊಳ್ಳುವುದು ನಿನ್ನ ಹಕ್ಕು.

ಬಿಳಿಯರೆಲ್ಲ ಸೈತಾನರು ಎನ್ನುವುದು ಆ ಸಂಘಟನೆಯ ಬೋಧನೆ. 1964ರ ಮಾರ್ಚ್‌ನಲ್ಲಿ ಮಾಲ್ಕಮ್ ಅದರಿಂದ ಹೊರಬಂದರು, ಏಪ್ರಿಲ್‌ನಲ್ಲಿ ಹಜ್‌ಗೆ ಹೋದರು. ಎಲ್ಲ ಬಣ್ಣದವರೂ ಒಟ್ಟಿಗೆ ಉಂಡು, ಒಟ್ಟಿಗೆ ನಮಾಝ್ ಮಾಡುವುದನ್ನು ಕಂಡು ಬಿಳಿಯರ ಬಗೆಗಿನ ನಿಲುವನ್ನೇ ಬದಲಿಸಿಕೊಂಡು ಪತ್ರ ಬರೆದರು. ಆದರೆ ಅನ್ಯಾಯದ ಮೇಲಿನ ಸಿಟ್ಟು ತಣಿಯಲಿಲ್ಲ. ಇದು ಬರೀ ನಾಗರಿಕ ಹಕ್ಕಿನ ಪ್ರಶ್ನೆಯಲ್ಲ, ಮಾನವ ಹಕ್ಕಿನದು, ವಿಶ್ವಸಂಸ್ಥೆಯ ಮುಂದೆ ಇಡಬೇಕು ಎಂದರು.

ಕಿಂಗ್ ಅವರನ್ನು ಮಾಲ್ಕಮ್ ಕಟುವಾಗಿ ಟೀಕಿಸಿದ್ದುಂಟು. ಮಾಲ್ಕಮ್ ಮಾತಿನಿಂದ ಜನರಿಗೆ ಕೆಡುಕೇ ಹೆಚ್ಚು ಎಂದು ಕಿಂಗ್ ಕೂಡ ಹೇಳಿದ್ದುಂಟು. ಆದರೂ 1965ರ ಫೆಬ್ರವರಿಯಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿ ಕಿಂಗ್ ಸೆಲ್ಮಾದ ಜೈಲಿನಲ್ಲಿದ್ದಾಗ ಮಾಲ್ಕಮ್ ಅಲ್ಲಿಗೆ ಹೋದರು. ಕಿಂಗ್ ಅವರ ಪತ್ನಿ ಕೊರೆಟಾಗೆ ಅವರು ಹೇಳಿದ ಮಾತಿನ ಸಾರ ಇಷ್ಟು: ನಿಮ್ಮ ಗಂಡನ ಕೆಲಸ ಕಷ್ಟ ಮಾಡಲು ಬಂದವನಲ್ಲ ನಾನು. ಇನ್ನೊಂದು ದಾರಿಯೂ ಉಂಟೆಂದು ಗೊತ್ತಾದರೆ ಬಿಳಿಯರು ಅವರ ಮಾತನ್ನು ಬೇಗ ಕೇಳಿಯಾರು.

ಅದೇ ತಿಂಗಳು 21ರಂದು ನ್ಯೂಯಾರ್ಕ್‌ನಲ್ಲಿ ಮಾಲ್ಕಮ್ ಗುಂಡಿಗೆ ಬಲಿಯಾದರು. ಆಗಸ್ಟ್‌ನಲ್ಲಿ ಬಂದ ಮತದಾನ ಹಕ್ಕಿನ ಕಾಯ್ದೆಯನ್ನು ಅವರು ನೋಡಲಿಲ್ಲ.

ಮುಂದೆ ಕಿಂಗ್ ಕೂಡ ಉತ್ತರಕ್ಕೆ ಹೋದರು. 1966ರಲ್ಲಿ ಶಿಕಾಗೋದಲ್ಲಿ ವಸತಿ ಹಕ್ಕಿಗಾಗಿ ಮೆರವಣಿಗೆ ಹೊರಟಾಗ ತಲೆಗೆ ಕಲ್ಲೇಟು ತಿಂದರು. ಮಾಲ್ಕಮ್ ಹೇಳುತ್ತಿದ್ದ ಬಡತನ, ಕೊಳೆಗೇರಿಗಳ ಮಾತು ಈಗ ಕಿಂಗ್ ಬಾಯಲ್ಲೂ ಬಂತು. ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದಾಗ ಹಳೆಯ ಮಿತ್ರರೇ ದೂರ ಸರಿದರು. 1968ರ ಏಪ್ರಿಲ್ 4ರಂದು, ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಹೋಗಿದ್ದ ಮೆಂಫಿಸ್‌ನಲ್ಲಿ ಅವರಿಗೂ ಗುಂಡು ಬಿತ್ತು.

ಸಾಯುವಾಗ ಇಬ್ಬರಿಗೂ 39 ವರ್ಷ. ಹೊರಟ ಜಾಗ ಬೇರೆ, ಮಾತಿನ ಧಾಟಿ ಬೇರೆ. ಆದರೆ ಮೊದಲು ಹಿಡಿದ ಮಾತಿಗೇ ಜೋತುಬೀಳದೆ, ಕಂಡ ಸತ್ಯಕ್ಕೆ ತಕ್ಕಂತೆ ಬದಲಾಗುವ ಧೈರ್ಯ ಇಬ್ಬರಲ್ಲೂ ಇತ್ತು.