ಮಗು ಮನಸ್ಸು ಬಿಚ್ಚುವುದು ಯಾರ ಮುಂದೆ?

ಮಕ್ಕಳು ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಅಮಾನತ್ ಎಂದು ಜುಮಾ ಖುತ್ಬಾಗಳಲ್ಲಿ ನಾವು ಆಗಾಗ ಕೇಳುತ್ತೇವೆ. ಅಮಾನತ್ತನ್ನು ಕಾಯುವುದೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಕಾವಲು: ಮೊಬೈಲ್ ತಡಕುವುದು, ಗೆಳೆಯರನ್ನು ದೂರವಿಡುವುದು, ಮಗ್ರಿಬ್ ನಂತರ ಹೊರಗೆ ಬಿಡದಿರುವುದು. ಇದೆಲ್ಲ ಬೇಡವೆಂದಲ್ಲ. ಆದರೆ ಮಗುವಿಗೆ ನಿಜವಾಗಿ ತೊಂದರೆಯಾದ ದಿನ ಬೇಕಾಗುವುದು ಕಾವಲುಗಾರನಲ್ಲ, ಹೋಗಿ ಹೇಳಿಕೊಳ್ಳಬಹುದಾದ ಒಬ್ಬ ದೊಡ್ಡವರು. ಅಂಥವರು ಆ ದಿನ ಹುಟ್ಟಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಮೊದಲೇ ಇರಬೇಕು.

ಸೂರಃ ಯೂಸುಫ್ ಆರಂಭವಾಗುವುದೇ ಹೀಗೆ ಹೇಳಿಕೊಳ್ಳುವ ಒಬ್ಬ ಮಗುವಿನಿಂದ. ವಿಚಿತ್ರವಾದ ಕನಸೊಂದು ಬಿದ್ದಾಗ ಬಾಲಕ ಯೂಸುಫ್(ಅ) ಅದನ್ನು ತಂದೆಯ ಬಳಿ ತರುತ್ತಾರೆ. ಯಅಕೂಬ್(ಅ) ನಗುವುದಿಲ್ಲ, ಗದರುವುದಿಲ್ಲ. ಮಾತನ್ನು ಪೂರ್ತಿ ಕೇಳಿ, ಯಾರಿಂದ ಅಪಾಯವಿದೆ ಎಂದು ಎಚ್ಚರಿಸಿ, ಜೊತೆಗೆ ಮಗನಲ್ಲಿರುವ ಹಿರಿಮೆಯನ್ನೂ ತಿಳಿಸುತ್ತಾರೆ. ಅಪಾಯ ಮನೆಯೊಳಗೇ, ಸ್ವಂತ ಅಣ್ಣಂದಿರಿಂದಲೇ ಇತ್ತು ಎಂಬುದನ್ನು ಗಮನಿಸಬೇಕು. ಮುಂದೆ ಈಜಿಪ್ಟ್‌ನಲ್ಲಿ ಅದೇ ಯೂಸುಫ್(ಅ) ಯುವಕರಾಗಿದ್ದಾಗ ಅಧಿಕಾರವಿದ್ದ ಮನೆಯೊಡತಿ ಬಾಗಿಲು ಮುಚ್ಚಿ ಬಲವಂತ ಮಾಡಿದಳು. ಹಿಂದಿನಿಂದ ಹರಿದ ಅಂಗಿ ಅವರ ಸತ್ಯವನ್ನು ಸಾರುತ್ತಿದ್ದರೂ ಜೈಲು ಸೇರಿದವರು ಅವರೇ. ದೌರ್ಜನ್ಯ ಹೆಣ್ಣುಮಕ್ಕಳ ಮೇಲೆ ಮಾತ್ರ ನಡೆಯುತ್ತದೆ ಎಂದು ನಂಬಿರುವ ಹೆತ್ತವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಲಿ.

ಒಳ್ಳೆಯ ಮಕ್ಕಳ ಮಾತು ಕೇಳುವುದು ಸುಲಭ. ತಂಟೆಕೋರರ ಮಾತೇನು? ಇಲ್ಲಿ ಅಬೂ ಮಹ್‌ಝೂರಾ(ರ)ರ ಪ್ರಸಂಗ ನಮಗೆ ದಾರಿ ತೋರುತ್ತದೆ. ಹಿಜರಿ 8ನೇ ವರ್ಷ, ಪ್ರವಾದಿ(ಸ) ಹುನೈನ್‌ನಿಂದ ಮರಳುತ್ತಿದ್ದರು. ದಾರಿಯಲ್ಲಿ ಅಝಾನ್ ಕೇಳಿದ ಮಕ್ಕಾದ ಕೆಲವು ಹುಡುಗರು ಅದನ್ನು ಅಣಕಿಸಿ ಕೂಗಿದರು. ಪ್ರವಾದಿಯವರು(ಸ) ಅವರನ್ನು ಕರೆಸಿ, ಎತ್ತರದ ಆ ದನಿ ಯಾರದೆಂದು ವಿಚಾರಿಸಿದರು. ಎಲ್ಲರೂ ಒಬ್ಬನತ್ತ ಬೆರಳು ಮಾಡಿದರು. ಉಳಿದವರನ್ನು ಕಳುಹಿಸಿ ಅವನನ್ನು ಉಳಿಸಿಕೊಂಡರು. ಶಿಕ್ಷೆ ಕಾದಿದೆ ಎಂದುಕೊಂಡವನಿಗೆ ಸಿಕ್ಕಿದ್ದು ಅಝಾನಿನ ಪಾಠ! ಒಂದೊಂದು ವಾಕ್ಯವನ್ನೂ ಸ್ವತಃ ಹೇಳಿಕೊಟ್ಟು, ಬೆಳ್ಳಿಯಿದ್ದ ಚೀಲವೊಂದನ್ನು ಕೊಟ್ಟು, ತಲೆ, ಎದೆಯ ಮೇಲೆ ಕೈಯಾಡಿಸಿ ಬರಕತ್ತಿಗಾಗಿ ಪ್ರಾರ್ಥಿಸಿದರು. ಅದುವರೆಗೆ ತನ್ನೊಳಗಿದ್ದ ದ್ವೇಷವೆಲ್ಲ ಪ್ರೀತಿಯಾಯಿತೆಂದು ಅಬೂ ಮಹ್‌ಝೂರಾ(ರ) ತಾವೇ ತಿಳಿಸಿದ್ದಾರೆ. ಅವರು ಮಕ್ಕಾದ ಮುಅದ್ದಿನ್ ಆದರು. ಕೆಟ್ಟ ಕೆಲಸಕ್ಕೆ ಬಳಕೆಯಾಗುತ್ತಿದ್ದ ಕಂಠದಲ್ಲೇ ಪ್ರವಾದಿಯವರು(ಸ) ಒಂದು ಪ್ರತಿಭೆಯನ್ನು ಕಂಡರು.

ನಮ್ಮ ಹೆಬ್ಬಾಳ, ಗಂಗಾನಗರ, ಮನೋರಾಯನಪಾಳ್ಯದ ಗಲ್ಲಿಗಳಲ್ಲೂ ಇಂಥ ಹುಡುಗರಿದ್ದಾರೆ. ಶಾಲೆ ಬಿಟ್ಟು ಗ್ಯಾರೇಜ್ ಸೇರಿದವನು, ರಾತ್ರಿ ಏರ್‌ಪೋರ್ಟ್ ರಸ್ತೆಯಲ್ಲಿ ವ್ಹೀಲಿ ಮಾಡುವವನು, ಜುಮಾಕ್ಕೆ ಬಂದರೂ ಹೊರಗೆ ಮೆಟ್ಟಿಲ ಬಳಿ ನಿಲ್ಲುವವನು. ಅವನ ತಪ್ಪುಗಳ ಪಟ್ಟಿ ಇಡೀ ಮೊಹಲ್ಲಾಕ್ಕೆ ಬಾಯಿಪಾಠ. ಬಿಚ್ಚಿದ ಇಂಜಿನ್ನನ್ನು ಯಾರ ಸಹಾಯವೂ ಇಲ್ಲದೆ ಮತ್ತೆ ಜೋಡಿಸಬಲ್ಲ ಎಂಬುದು ಎಷ್ಟು ಮಂದಿಗೆ ಗೊತ್ತು? ಮಸೀದಿಯ ಜನರೇಟರ್ ಕೆಟ್ಟಾಗ ಅವನನ್ನು ಕರೆಯಿರಿ. ಆ ಕೆಲಸದ ನಡುವೆ ಅವನು ಆಡುವ ಮಾತು ನೂರು ಉಪದೇಶಗಳಿಗೂ ಹೊರಬರುವುದಿಲ್ಲ. (ಕೆಲಸ ಮುಗಿದ ಕೂಡಲೇ ಉಪದೇಶ ಶುರು ಮಾಡುವ ಹಿರಿಯರೂ ನಮ್ಮಲ್ಲಿದ್ದಾರೆ, ಅವರು ದಯವಿಟ್ಟು ಮನೆಯಲ್ಲೇ ಇರಲಿ.)

ಒಂದು ಎಚ್ಚರ ಮಾತ್ರ ಅಗತ್ಯ. ಮಕ್ಕಳನ್ನು ಬಲೆಗೆ ಹಾಕುವವನೂ ಹೊಗಳುತ್ತಾನೆ, ಉಡುಗೊರೆ ಕೊಡುತ್ತಾನೆ, ಮನೆಯವರ ವಿಶ್ವಾಸ ಗಳಿಸುತ್ತಾನೆ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಅವನು ಗುಟ್ಟು ಕೇಳುತ್ತಾನೆ; ಮಗುವನ್ನು ಉಳಿದವರಿಂದ ಮೆಲ್ಲಗೆ ಬೇರ್ಪಡಿಸುತ್ತಾನೆ. ನಿಜವಾದ ಹಿತೈಷಿ ಮಗುವಿನ ಸುತ್ತಲಿನ ಜನರನ್ನು ಹೆಚ್ಚಿಸುತ್ತಾನೆ, ನಾಲ್ಕು ಜನ ಕಾಣುವಲ್ಲಿ ಭೇಟಿಯಾಗುತ್ತಾನೆ, ಮನೆಯವರಿಗೆ ತಿಳಿಸಿರುತ್ತಾನೆ. ಕುರ್‌ಆನ್ ಕಲಿಸುವ ಕೋಣೆಯ ಬಾಗಿಲು ತೆರೆದೇ ಇರಲಿ ಎಂದರೆ ಉಸ್ತಾದರಿಗೆ ಅವಮಾನವಲ್ಲ, ಅದು ಅವರಿಗೂ ರಕ್ಷಣೆ.

ಮಗು ಒಂದು ದಿನ ಬಾಯಿಬಿಟ್ಟಿತು ಎನ್ನೋಣ. ಸಮಾಧಾನದಿಂದ ಕೇಳಿರಿ. ನಂಬುತ್ತೇನೆ, ಇದು ನಿನ್ನ ತಪ್ಪಲ್ಲ ಎಂದು ಹೇಳಿರಿ. ಪದೇ ಪದೇ ವಿವರ ಕೆದಕಬೇಡಿ. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬೇಡಿ. ಉಳಿಸಿಕೊಳ್ಳಲಾಗದ ಮಾತು ಅದು. ನಿನ್ನನ್ನು ಕಾಪಾಡಲು ಯಾರಿಗೆ ಹೇಳಬೇಕೋ ಅವರಿಗಷ್ಟೇ ಹೇಳುತ್ತೇನೆ ಎನ್ನಿ.

ಇಲ್ಲಿ ಇಝ್ಝತ್ತಿನ ಪ್ರಶ್ನೆ ಬರುತ್ತದೆ. ಸಹೋದರನ ಐಬು ಮುಚ್ಚಬೇಕೆಂಬ ಬೋಧನೆಯನ್ನು ಮುಂದಿಟ್ಟು ಜಮಾಅತ್ ಕೋಣೆಯಲ್ಲಿ ರಾಜಿ ಮಾಡಿಸುವವರಿದ್ದಾರೆ. ನಮ್ಮ ದೃಷ್ಟಿಯಲ್ಲಿ ಇದು ಆ ಬೋಧನೆಗೆ ಮಾಡುವ ಅನ್ಯಾಯ. ಮುಚ್ಚಬೇಕಾದದ್ದು ವ್ಯಕ್ತಿಯ ಖಾಸಗಿ ದೌರ್ಬಲ್ಯವನ್ನು, ಇನ್ನೊಬ್ಬರ ಮೇಲಿನ ಝುಲ್ಮನ್ನಲ್ಲ. ಝಾಲಿಮನಿಗೆ ಸಹಾಯ ಮಾಡುವುದೆಂದರೆ ಅವನ ಕೈ ಹಿಡಿದು ತಡೆಯುವುದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ದೇಶದ ಕಾನೂನೂ ಸ್ಪಷ್ಟವಾಗಿದೆ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಅನ್ವಯ. ಅದರ 19ನೇ ಕಲಮಿನಂತೆ ಅಪರಾಧ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಅದೂ ಅಪರಾಧ.

ಠಾಣೆಯ ಹೆಸರೆತ್ತಿದರೆ ಹೆದರುವ ಮನೆಗಳಿಗೆ ಇಷ್ಟು ಗೊತ್ತಿರಲಿ: ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು. ಪೊಲೀಸರು ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಗುರುತನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಹೇಳಿಕೆಯ ವೇಳೆ ತಂದೆ ತಾಯಿ ಅಥವಾ ಮಗುವಿಗೆ ನಂಬಿಕೆಯಿರುವ ಇನ್ನಾರಾದರೂ ಜೊತೆಗಿರಬೇಕು. ಮಗು ಯಾರನ್ನು ನಂಬುತ್ತದೆ ಎಂದು ಕಾನೂನೇ ಕೇಳುತ್ತದೆ! ನಮ್ಮ ಬಳ್ಳಾರಿ ರಸ್ತೆಯ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ಎನ್‌ಫೋಲ್ಡ್ ಟ್ರಸ್ಟ್ ಜೊತೆಗೂಡಿ ಇಂಥ ಮಕ್ಕಳಿಗಾಗಿಯೇ ಒಂದು ಘಟಕ ಆರಂಭವಾಗಿತ್ತು. ಚಿಕಿತ್ಸೆ, ಆಪ್ತಸಲಹೆ, ಕಾನೂನು ನೆರವು ಒಂದೆಡೆ ಸೇರಿದರೆ ನಡೆದದ್ದನ್ನು ಮಗು ಹತ್ತು ಕಡೆ ಹತ್ತು ಸಲ ಹೇಳಬೇಕಾಗಿಲ್ಲ ಎಂಬುದು ಅದರ ಹಿಂದಿದ್ದ ಯೋಚನೆ.

ಮಕ್ಕಳ ಸಹಾಯವಾಣಿ 1098 ಉಚಿತ, ದಿನದ 24 ಗಂಟೆಯೂ ತೆರೆದಿರುತ್ತದೆ. ತುರ್ತಿದ್ದರೆ 112. ಮಕ್ಕಳು ತಾವೇ ಕರೆ ಮಾಡಬಹುದು, ಅವರ ಪರವಾಗಿ ನೆರೆಯವರೂ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ಮದ್ರಸಾದ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿರಿ.